ಹುರುಳಿಯ ತೂಕ

ಮೊದಲ ದಿನ ಮೂವತ್ತೆಂಟು ಗ್ರಾಂ.
ಅಂಗನವಾಡಿಯ ತಕ್ಕಡಿಯಲ್ಲಿ ಲೆಕ್ಕಕ್ಕೇ ಸಿಗಲಿಲ್ಲ,
ಕೂಸು ತೂಗುವ ಜೋಳಿಗೆಯಲ್ಲಿಟ್ಟರೆ ಮುಳ್ಳು ಅಲುಗಲಿಲ್ಲ.
ಅಕ್ಕಸಾಲಿ ವೀರಾಚಾರಿ
ಮೂಗುಬೊಟ್ಟು ತೂಗುವ ತಟ್ಟೆ ಒರೆಸಿ ಕೊಟ್ಟು
ಒಂದು ಹೆಜ್ಜೆ ಹಿಂದೆ ಸರಿದು ಕೇಳಿದ:
"ಟೀಚರಮ್ಮ, ಇದು ಓತಿಕ್ಯಾತ ಅಲ್ವಾ?"

ಅದರ ದಾಯಾದಿ, ಅಂದೆ. ಗಡ್ಡ ಐತೆ ನೋಡು,
ಸಿಟ್ಟು ಬಂದರೆ ಕಪ್ಪಾಗುತ್ತೆ.
ಮೇಲ್ಮನೆಯ ತನ್ವೀರ್, ಜೋಗಿಮಟ್ಟಿಯ ಗಾಳಿಕಂಬ ಹತ್ತುವವನು,
ಗುಜರಾತಿನ ಕಂಬಗಳಿಗೆ ಆರು ತಿಂಗಳು ಹೊರಟಾಗ
ಗಾಜಿನ ಪೆಟ್ಟಿಗೆ, ಎರಡು ಬಲ್ಬು, ಒಂದು ಡಬ್ಬಿ ಕ್ಯಾಲ್ಸಿಯಂ ಪುಡಿ
ನನ್ನ ಅಡುಗೆಮನೆಯ ಕಟ್ಟೆ ಮೇಲಿಟ್ಟು ಹೇಳಿದ್ದ:
"ಮಕ್ಕಳನ್ನ ಬೆಳೆಸೋದು ನಿಮಗೇನು ಹೊಸದಾ?"

ಹೊಸದಲ್ಲ. ಇಪ್ಪತ್ತಾರು ವರ್ಷ
ಹಸಿರು, ಹಳದಿ, ಕೆಂಪು ಪಟ್ಟಿಗಳ ನಡುವೆ ಚುಕ್ಕಿ ಇಟ್ಟವಳು.
ಜೀರುಂಡೆ ಸಾಕಿದವಳಲ್ಲ, ಅಷ್ಟೇ.
ಹೊಲದ ಮಿಡತೆ ಬೇಡ, ಮೆಕ್ಕೆಜೋಳಕ್ಕೆ ಹೊಡೆದ ಔಷಧಿ
ಅದರ ಹೊಟ್ಟೆಯಲ್ಲೇ ಕೂತಿರುತ್ತದೆ.
ಮೊಟ್ಟೆಯ ಖಾಲಿ ಟ್ರೇಗಳಲ್ಲಿ ಮರಿ ಮಾಡಿಸಿದೆ
(ಮೊಟ್ಟೆ ಮಕ್ಕಳದು. ಟ್ರೇ ಮಾತ್ರ ನನ್ನದು.
ಸೂಪರ್‌ವೈಸರ್ ಬಂದು ಕೇಳಿದರೂ ಇದೇ ಮಾತು.)
ಅವಕ್ಕೂ ಕ್ಯಾರೆಟ್ ಸಿಪ್ಪೆ, ಗೋಧಿ ತೌಡು.
ತುತ್ತಿನ ಹೊಟ್ಟೆ ತುಂಬಿದ್ದರೆ ತಾನೇ
ತಿಂದವರ ಹೊಟ್ಟೆ ತುಂಬುವುದು.

ಹುರುಳಿ ಅಂತ ಹೆಸರಿಟ್ಟದ್ದು ಮಕ್ಕಳು, ಬಣ್ಣ ನೋಡಿ.
ಹುರುಳಿಯ ಎರಡು ಕಣ್ಣಿನ ನಡುವೆ ಎಷ್ಟು ಜಾಗವೋ
ಹುಳ ಅಷ್ಟೇ ದಪ್ಪ, ಕೂದಲೆಳೆಯೂ ಹೆಚ್ಚಲ್ಲ.
ಪುಡಿಯಲ್ಲಿ ಹೊರಳಿಸಿ ಬಿಟ್ಟರೆ
ಫೋಟೋಕ್ಕೆ ನಿಂತ ಮದುಮಗನಂತೆ ಪೌಡರ್ ಮೆತ್ತಿಕೊಂಡು
ಜೀರುಂಡೆ ನೆಗೆಯುತ್ತದೆ;
ನೆಗೆತ ಮುಗಿಯುವುದು ಮಾತ್ರ ಬೇರೆಯವರ ಬಾಯಲ್ಲಿ.

ಮೂರನೇ ವಾರ ಐವತ್ತೆರಡು.
ನಾಲ್ಕನೇ ವಾರ ಐವತ್ತೆರಡು.
ಐದನೇ ವಾರ ಬರೆಯಲು ಮನಸ್ಸಾಗಲಿಲ್ಲ.
ಮುಂಗಾಲು ನಡುಗುತ್ತಿತ್ತು,
ಸೂಜಿಗೆ ದಾರ ಪೋಣಿಸುವಾಗ ನನ್ನ ಕೈ ನಡುಗುವಂತೆ.
ಏನು ಕಡಿಮೆ ಮಾಡಿದ್ದೆ? ದಿನಾ ಪಾಲಕ್,
ದಿನಾ ಕಿಟಕಿಯ ಬಿಸಿಲು.

ಫೋನಿನಲ್ಲಿ ತನ್ವೀರ್, ಮಾತಿಗಿಂತ ಗಾಳಿಯೇ ಹೆಚ್ಚು:
"ಪಾಲಕ್ ಬೇಡ ಟೀಚರ್, ಸುಣ್ಣದ ಅಂಶನ ಅದು ಕಟ್ಟಿಹಾಕುತ್ತೆ.
ಗಾಜು ದಾಟಿ ಬರೋದು ಬರೀ ಬಿಸಿ.
ಮೂಳೆಗೆ ಬೇಕಾದ ಬಿಸಿಲು ಆಚೇನೇ ನಿಂತಿರುತ್ತೆ.
ಉದ್ದನೆ ಬಲ್ಬ್ ಹಾಕ್ತಿದ್ದೀರಿ ತಾನೇ?"

ಹಾಕುತ್ತಿರಲಿಲ್ಲ. ಕರೆಂಟ್ ಬಿಲ್ಲು.
ಇಡೀ ದುರ್ಗದಲ್ಲಿ ಬಿಸಿಲಿಗೆ ಗತಿಯಿಲ್ಲದ ಜೀವವೊಂದಿದ್ದರೆ
ಅದು ನನ್ನ ಅಡುಗೆಮನೆಯಲ್ಲಿತ್ತು.

ಇಲ್ಲ, ಇನ್ನೊಂದಿತ್ತು. ಹಿಂದೆ.
ಕೆಳಗೋಟೆಯಲ್ಲಿ ಪವಿತ್ರ ಅಂತ ಒಂದು ಕೂಸು,
ತಾಯಿ ಬೀಗ ಹಾಕಿ ಕೆಲಸಕ್ಕೆ ಹೋದರೆ ಸಂಜೆಗೇ ಬರುವುದು.
ಕಾಲು ಬಿಲ್ಲಿನಂತೆ ಬಾಗತೊಡಗಿತ್ತು.
ತಿಂಗಳು ತಿಂಗಳೂ ತೂಗಿದೆ, ಬರೆದೆ.
ನನ್ನ ಅಕ್ಷರ ಬಹಳ ದುಂಡಗಿದೆ ಎಂದು
ಆ ವರ್ಷ ತಾಲ್ಲೂಕು ಸಭೆಯಲ್ಲಿ ಹೊಗಳಿದ್ದರು.

ಈಗ ಒಂಬತ್ತಕ್ಕೆ ಮುಂಚೆ
ಹುರುಳಿಯನ್ನು ಎದೆಗವಚಿ ಹಿತ್ತಲ ಬಂಡೆಗೆ ಒಯ್ಯುತ್ತೇನೆ.
ನುಗ್ಗೆಸೊಪ್ಪು, ಸಾಸಿವೆಗಿಂತ ಸ್ವಲ್ಪ ದೊಡ್ಡದಾಗಿ ಹೆಚ್ಚಿದ್ದು,
ತುರಿದ ಸಿಹಿಗುಂಬಳ, ಮೇಲೆ ಎರಡು ದಾಸವಾಳದೆಸಳು,
ಕೆಂಪು ಕಂಡರೆ ಅದಕ್ಕೂ ಆಸೆ.
ಹೊಟ್ಟೆ ಬಂಡೆಗೆ ಒತ್ತಿ, ಕಣ್ಣು ಅರೆಮುಚ್ಚಿ
ಅಗಿಯುತ್ತದೆ, ಅವಸರವಿಲ್ಲ.
ಉದ್ದನೆ ಬಲ್ಬಿನ ಬಿಲ್ಲು ಬಂದಾಗ ನೋಡಿಕೊಳ್ಳೋಣ.

ಬಂಡೆಯ ಆ ತುದಿಯಲ್ಲಿ ಊರ ಓತಿಕ್ಯಾತ,
ಯಾರ ತಕ್ಕಡಿಯನ್ನೂ ಹತ್ತದವನು,
ತಲೆ ಮೇಲೆ ಕೆಳಗೆ ಆಡಿಸುತ್ತಾ ಹಾಜರಿ ಕೂಗುತ್ತಾನೆ.
ನನ್ನ ಹುರುಳಿ ಮುಂಗಾಲೆತ್ತಿ
ನಡುಕವಿಲ್ಲದೆ, ಸಾವಕಾಶ,
ಗಾಳಿಯಲ್ಲಿ ಒಂದು ಸುತ್ತು ತಿರುಗಿಸುತ್ತದೆ.

ನಿನ್ನೆ ಎಪ್ಪತ್ತೊಂದು. ಇನ್ನೂ ಬರೆದಿಲ್ಲ,
ಪುಸ್ತಕ ಒಳಗಿದೆ.
ಇರಲಿ, ಇನ್ನೊಂಚೂರು ಬಿಸಿಲು.